ಭಾವ ಕನ್ನಡ ಮಾಡಿದ ಕೊರಿಯಾ

ಕೊರಿಯಾದ ಆ ಧಾರಾವಾಹಿಯಲ್ಲಿ ಯಾರ ಸಮವಸ್ತ್ರವೂ ಸುಕ್ಕಾಗುವುದಿಲ್ಲ. ಸೈನ್ಯದ ಸರ್ಕಾರಿ ವಕೀಲರು ಭ್ರಷ್ಟ ಜನರಲ್‌ಗಳನ್ನು ಕಟಕಟೆಗೆ ಎಳೆಯುತ್ತಾರೆ. ಬೇಕಾದ ಸಾಕ್ಷಿ ಬೇಕಾದ ಹೊತ್ತಿಗೆ ಬಾಗಿಲು ತಳ್ಳಿಕೊಂಡು ಬರುತ್ತದೆ. ಇಷ್ಟು ಅಚ್ಚುಕಟ್ಟಾದ ನ್ಯಾಯ ಕಂಡರೆ ನನಗೆ ಮೈ ಉರಿಯುತ್ತದೆ. ಶಿಕಾರಿಪುರದಲ್ಲಿ ಅಕ್ಕನ ಮನೆಗೆ ಹೋದಾಗಲೆಲ್ಲ ಅದನ್ನೇ ನೋಡಬೇಕಾಗಿತ್ತು.

ಅದು ಹಿಂದಿಗೆ ಡಬ್ ಆಗಿತ್ತು. ಅಕ್ಕನಿಗೆ ಹಿಂದಿ ಬಾರದು. ಭಾವ ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಸೋಫಾದ ಮೇಲೆ ಕಾಲು ಮಡಚಿ ಕೂತು ಒಂದೊಂದೇ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದರು. ನಡುನಡುವೆ ಬೈಗುಳ.

"ಟೋಪಿ ಇಲ್ದೆ ಸಲ್ಯೂಟ್ ಹೊಡೀತಾರೆ ನೋಡು, ಥೂ! ಇದೊಂದ್ ಆರ್ಮಿನಾ?"

ಜನರಲ್ ಹಿಂದಿಯಲ್ಲಿ ಬೆದರಿಸಿದರೆ ಭಾವನ ಕನ್ನಡದಲ್ಲಿ ಅವನು ಬುದ್ಧಿ ಹೇಳುತ್ತಿದ್ದ. ನನಗೆ ಹಿಂದಿ ಸಾಕಷ್ಟು ಬರುತ್ತದೆ. ಒಳಗೊಳಗೇ ನಗುತ್ತಿದ್ದೆ.

ಅದೇ ದಿನಗಳಲ್ಲಿ, ಭಾವನ ಊರು ಜಡೆಯಲ್ಲಿ, ಅವರ ತಮ್ಮ ಗದ್ದೆ ನಾಟಿಗೆ ಬಂದಿದ್ದ ಹೆಂಗಸಿಗೆ ಗುದ್ದಲಿ ಕಾವಿನಿಂದ ಬಾರಿಸಿದ. ಕೈ ಮುರಿಯಿತು. ಸಸಿಯನ್ನು ದೂರ ದೂರ ನೆಟ್ಟದ್ದು ಅವಳ ಅಪರಾಧ. ನಾಟಿಗೆಂದು ಹೋಗಿದ್ದ ಅಕ್ಕ ಬುತ್ತಿ ಹಿಡಿದು ಬದುವಿನ ಮೇಲೆ ನಿಂತಿದ್ದಳು, ಎಲ್ಲ ನೋಡಿದಳು. ಹೆಂಗಸು ದೂರು ಕೊಟ್ಟಳು. ಹೇಳಿಕೆ ಕೊಡಲು ಸೊರಬದ ಠಾಣೆಗೆ ಬನ್ನಿ ಎಂದು ಅಕ್ಕನಿಗೆ ಫೋನ್ ಬಂತು. ನೋಡಿದವರು ಬೇರೆ ಯಾರೂ ಇರಲಿಲ್ಲ, ಅಥವಾ ನೋಡಿದೆವು ಎನ್ನುವವರು ಇರಲಿಲ್ಲ.

"ಮನೆ ಒಳಗಿದ್ದೆ, ಏನೂ ನೋಡ್ಲಿಲ್ಲ ಅಂದ್ಬಿಡು," ಎಂದರು ಭಾವ. "ನನ್ ತಮ್ಮ ಜೈಲಿಗೆ ಹೋದ್ರೆ ನಿಂಗೇನ್ ಬಂತು?"

ಅಕ್ಕ ರಿಮೋಟು ಎತ್ತಿ ಧಾರಾವಾಹಿ ಹಾಕಿದಳು.

ಟಿವಿಯಲ್ಲಿ ಸತ್ತ ಸಿಪಾಯಿಯ ತಾಯಿ ಅತ್ತಾಗ ಇದೇ ಭಾವ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕೊರಿಯಾದ ತಾಯಿಗೆ ನ್ಯಾಯ ಸಿಗಬೇಕು, ಜಡೆಯ ಹೆಂಗಸಿಗೆ ಬೇಡ. ಕೊರಿಯಾ ದೂರವಿದೆ, ಅದೇ ಅದರ ಅನುಕೂಲ.

ಮುಂದಿನದು ಠಾಣೆಗೆ ಹೋಗುವ ಹಿಂದಿನ ಸಂಜೆ ನಡೆಯಿತು ಎಂದು ನನ್ನ ನೆನಪು. ನಂಬಬೇಡಿ. ನೆನಪಿಗೂ ಆ ಧಾರಾವಾಹಿಯ ಚಾಳಿಯೇ ಇದೆ, ಎಲ್ಲವನ್ನೂ ತಕ್ಕ ಹೊತ್ತಿಗೆ ತಂದು ನಿಲ್ಲಿಸುತ್ತದೆ. ಠಾಣೆಗೆ ಹೋಗುವ ಮುಂಚೆ ಎಂಬುದಷ್ಟೇ ಖಚಿತ.

ಪರದೆಯ ಮೇಲೆ ಎಳೆಯ ಸಿಪಾಯಿಯೊಬ್ಬ ಕಟಕಟೆಗೆ ಬಂದ. ಎದುರಿಗೆ ಕೂತಿದ್ದ ದಪ್ಪ ಜನರಲ್ ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದು ಹಿಂದಿಯಲ್ಲಿ ಹೇಳಿದ. ಭಾವ ಎಲೆಅಡಿಕೆ ಅಗಿಯುತ್ತ, "ಏನೂ ನೋಡಿಲ್ವಂತೆ," ಎಂದರು.

"ಏನೂ ನೋಡಿಲ್ಲಾ?" ಎಂದಳು ಅಕ್ಕ.

"ಡ್ಯೂಟಿ ಮೇಲೆ ಬೇರೆ ಕಡೆ ಇದ್ನಂತೆ."

"ಮತ್ತೆ ಆ ದಪ್ಪ ಸಾಹೇಬ ಯಾಕ್ರೀ ಬೆವರ್ತಾನೆ?"

"ಸೆಕೆ ಇರ್ಬೇಕು."

"ಎಲ್ಲಾ ಕೋಟ್ ಹಾಕ್ಕಂಡು ಕೂತಾರೆ, ಇವನೊಬ್ಬನಿಗೇ ಸೆಕೆನಾ?"

"ಭಾಷೆ ಬರಲ್ಲ ನಿಂಗೆ. ಸುಮ್ನೆ ನೋಡು."

"ಮುಖ ಕಾಣ್ತದಲ್ರೀ."

ಭಾವ ಪೀಕು ಉಗಿಯಲು ಎದ್ದು ಹೋದರು. ಬಹಳ ಹೊತ್ತು ಉಗಿದರು.

ಸೊರಬಕ್ಕೆ ಬಸ್ಸಿನಲ್ಲಿ ನಾನೂ ಜೊತೆಗೆ ಹೋದೆ. ಠಾಣೆಯಲ್ಲಿ ಹಿನ್ನೆಲೆ ಸಂಗೀತ ಇರಲಿಲ್ಲ. ಅಕ್ಕ ಸೆರಗು ಹೊದ್ದು ಕೂತು, ಮೈದುನ ಹೊಡೆದದ್ದನ್ನು ಕಂಡೆ ಎಂದಳು. ಯಾವ ಕೈಗೆ ಎಂದು ಕೇಳಿದರು. ಎಡಗೈ ಎಂದಳು. ಬರೆದುಕೊಂಡರು. ಯಾರೂ ಬೆವರಲಿಲ್ಲ. ಹೊರಗೆ ಬಂದು ಮಂಡಕ್ಕಿ ತಿಂದೆವು. ಅವಳು ಧೈರ್ಯವಂತೆಯಂತೆ ಕಾಣುತ್ತಿದ್ದಳು ಎಂದು ಬರೆಯಬಹುದು. ಖಾರ ಹೆಚ್ಚಾಗಿ ಕಣ್ಣು ಕೆಂಪಾಗಿತ್ತು, ಅಷ್ಟೇ.

ಭಾವ ಈಗ ಕನ್ನಡ ಮಾಡಿ ಹೇಳುವುದಿಲ್ಲ. ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಅಕ್ಕ ಮಾತ್ರ ಬಿಡದೆ ನೋಡುತ್ತಾಳೆ. ನಾನು ಹೇಳಲೇ ಎಂದು ಒಮ್ಮೆ ಕೇಳಿದೆ.

"ಬೇಡ ಮಾರಾಯ. ಅವರು ಕಡಿಮೆ ಮಾಡಿ ಹೇಳ್ತಿದ್ರು, ನೀ ಹೆಚ್ಚು ಮಾಡಿ ಹೇಳ್ತಿ," ಎಂದು ರಿಮೋಟು ಎತ್ತಿ ಸದ್ದನ್ನೇ ತೆಗೆದುಬಿಟ್ಟಳು.