ನನ್ನ ಧ್ವನಿಗೆ ಅತ್ತೆ ಹೇಳಿದ ದೂರು

ತಂತಿ ಕಡಿದು ಬಿದ್ದಿದೆಯೆಂದು ನನ್ನ ಸೋದರತ್ತೆ ನಿಮಗೆ ತಿಳಿಸಿದ್ದಳು. ತಿಳಿಸಬೇಕಾದ ಹೊತ್ತಿನಲ್ಲಿ, ನೀವೇ ಊರೂರಿನ ಗೋಡೆಗಳ ಮೇಲೆ ಬರೆಸಿದ್ದ ಸಂಖ್ಯೆಗೆ ಫೋನು ಮಾಡಿ ತಿಳಿಸಿದ್ದಳು. ನೀವು ಕೇಳಲಿಲ್ಲ. ಕೇಳುವ ಏರ್ಪಾಡನ್ನು ಅದಕ್ಕೆ ಮೊದಲೇ ತಿಳಿದೂ ತಿಳಿದೂ ಮುಚ್ಚಿಸಿದ್ದಿರಿ. ಅವಳ ಬಲಗೈಯ ಎರಡು ಬೆರಳುಗಳು ಹೋಗಿರುವುದಕ್ಕೆ, ಉಳಿದ ಬೆರಳುಗಳಿಗೆ ಮುಟ್ಟಿದ್ದು ತಿಳಿಯದಿರುವುದಕ್ಕೆ, ವಿದ್ಯುತ್ ಕಚೇರಿಯ ಮೇಲಧಿಕಾರಿಗಳಾದ ನೀವೇ ಹೊಣೆ. ಇದನ್ನು ಸಿಟ್ಟಿನಲ್ಲಿ ಬರೆಯಬೇಕೆಂದು ಬಹಳ ದಿನ ಕಾದೆ. ಬರೆಯಲು ಕುಳಿತ ಮೇಲೆ ಸಿಟ್ಟು ಕೈಗೆ ಸಿಗುತ್ತಿಲ್ಲ. ಆದದ್ದನ್ನು ಆದ ಕ್ರಮದಲ್ಲಿ ಹೇಳುತ್ತೇನೆ.

ಎರಡು ಸಾವಿರದ ದಶಕದ ನಡುವಿನ ವರ್ಷಗಳವು. ವಿಶ್ವವಿದ್ಯಾಲಯದ ಓದು ಮುಗಿಸಿ ಬಂದ ನನಗೆ ಚಿತ್ರದುರ್ಗದ ಒಂದು ಸಣ್ಣ ಗುತ್ತಿಗೆ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಜನ ಕರೆಂಟಿನ ತೊಂದರೆ ಹೇಳಲು ಫೋನು ಮಾಡಿದರೆ ಯಂತ್ರವೇ ಮಾತನಾಡಿಸಿ ದೂರನ್ನು ದಾಖಲಿಸಿಕೊಳ್ಳುವ ವ್ಯವಸ್ಥೆಯನ್ನು ನಾವು ನಿಮ್ಮ ಕಚೇರಿಗೆ ಕಟ್ಟಿಕೊಡಬೇಕಿತ್ತು. ಇಂಥ ಸಂಭಾಷಣೆಗೆಂದೇ ಒಂದು ಮಾರ್ಕಪ್ ಭಾಷೆಯಿದೆ. ಅಂತರ್ಜಾಲದ ಪುಟವನ್ನು ಬರೆಯುವ ರೀತಿಯಲ್ಲೇ ಅದನ್ನೂ ಬರೆಯುತ್ತಾರೆ. ಆ ಪುಟ ಕಣ್ಣಿಗೆ ಕಾಣುವ ಬದಲು ಕಿವಿಗೆ ಕೇಳಿಸುತ್ತದೆ. ಟ್ಯಾಗ್ ಎಂಬ ಒಂದು ಸೂಚನೆ ಬರೆದರೆ ಯಂತ್ರ ನುಡಿಯುತ್ತದೆ. ಇನ್ನೊಂದು ಬರೆದರೆ ಗುಂಡಿ ಒತ್ತುವುದನ್ನು ಕಾಯುತ್ತದೆ. ಕರೆ ಮಾಡಿದವರು ಸುಮ್ಮನಿದ್ದರೆ ಏನು ಮಾಡಬೇಕೆಂಬುದಕ್ಕೂ ಒಂದು ಟ್ಯಾಗ್ ಇದೆ. ಮನುಷ್ಯರ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಬೇರೆಯೇ ಟ್ಯಾಗ್ ಬೇಕು. ಅದನ್ನು ಬರೆಯದ ಕಡೆ ನೀವು ಎಷ್ಟು ಮಾತನಾಡಿದರೂ ಯಂತ್ರದಲ್ಲಿ ಏನೂ ಉಳಿಯುವುದಿಲ್ಲ.

ಧ್ವನಿಗೆ ಬೇರೆಯವರನ್ನು ಕರೆಸುವ ಗೋಜಿಗೆ ಹೋಗದೆ ಸಂಸ್ಥೆಯವರು ನನ್ನನ್ನೇ ಕೂರಿಸಿದರು. ಕೋಣೆ ಗುಂಯ್‌ಗುಡಬಾರದೆಂದು ಸುತ್ತ ಗೋಡೆಗೆ ಕುರಿ ಕಂಬಳಿಗಳನ್ನು ತೂಗುಹಾಕಿ, ಫ್ಯಾನು ನಿಲ್ಲಿಸಿ, ಬೆವರುತ್ತ ಓದಿದೆ. "ನಮಸ್ಕಾರ. ವಿದ್ಯುತ್ ದೂರು ಕೇಂದ್ರಕ್ಕೆ ಸ್ವಾಗತ." ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿದೆ, ಯಂತ್ರ ಬೇಕಾದಂತೆ ಜೋಡಿಸಿಕೊಳ್ಳುತ್ತಿತ್ತು. ಕಂಬಳಿಯ ವಾಸನೆ ಸಂಜೆಯವರೆಗೂ ನನ್ನ ತಲೆಗೂದಲಲ್ಲಿರುತ್ತಿತ್ತು.

ಕಚೇರಿಯವರು ಕೊಟ್ಟ ವಿನ್ಯಾಸದಲ್ಲಿ ಮೊದಲ ಪ್ರಶ್ನೆಯೇ ಕರೆಂಟ್ ಬಿಲ್ಲಿನ ಮೇಲಿರುವ ಗ್ರಾಹಕ ಸಂಖ್ಯೆ. ಮನೆಯ ದೀಪ ಹೋದವರಿಗೆ ಅದು ಸರಿ. ಹೊಲದ ಬದುವಿನಲ್ಲಿ ತಂತಿ ಬಿದ್ದರೆ, ಕಂಬ ವಾಲಿದರೆ, ಅದಕ್ಕೆ ಯಾರ ಬಿಲ್ಲು? ಆದ್ದರಿಂದ ನಾನು ಮತ್ತೊಂದು ದಾರಿ ಬರೆದೆ. ಸಂಖ್ಯೆ ಇಲ್ಲದವರು ಸುಮ್ಮನೆ ಕಾದರೆ ಸಾಕು. "ಪೀಂ" ಎಂಬ ಸದ್ದಾದ ಮೇಲೆ ಅವರ ಮಾತನ್ನು ಯಂತ್ರ ಮುದ್ರಿಸಿಕೊಳ್ಳುತ್ತದೆ, ಕಚೇರಿಯಲ್ಲಿ ಒಬ್ಬರು ಅದನ್ನು ಕೇಳಿ ಲೈನ್‌ಮನ್‌ಗೆ ತಿಳಿಸುತ್ತಾರೆ.

ಪ್ರಯೋಗಕ್ಕೆ ಬಿಟ್ಟ ವಾರದಲ್ಲಿ ಬಂದ ಮಾತುಗಳನ್ನು ನಿಮ್ಮ ಕಚೇರಿಯ ಸಾಹೇಬರ ಮುಂದೆ ಕೇಳಿಸಿದೆವು. ಹಿರಿಯೂರಿನ ಕಡೆಯ ಮುದುಕರೊಬ್ಬರು ಶುರು ಮಾಡಿದ್ದರು: "ಹಲೋ. ಯಾರಮ್ಮಾ ನೀನು, ಯಾವೂರು? ನಮ್ಮೂರಾಗೆ ಕರೆಂಟಿಲ್ಲ. ನಿಮ್ಮೂರಾಗೆ ಐತೇನು? ಇದ್ರೆ ಒಸಿ ಇತ್ಲಾಗೆ ಕಳ್ಸು." ಹೊಸದುರ್ಗದ ಹೆಂಗಸೊಬ್ಬರು ಟ್ರಾನ್ಸ್‌ಫಾರ್ಮರ್ ಸಿಡಿದದ್ದನ್ನು ಹೇಳುವ ಮೊದಲು ತಮ್ಮ ಮೈದುನನ ನಡತೆಯನ್ನು ಉದ್ದಕ್ಕೂ ಬಣ್ಣಿಸಿದ್ದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ನಗು ನಿಂತ ಮೇಲೆ ಸಾಹೇಬರು ಕೇಳಿದರು: "ಅಲ್ಲಮ್ಮಾ, ಈ ಹರಿಕಥೆ ಎಲ್ಲಾ ಕೇಳಕ್ಕೆ ನಾನ್ ಕುಂತ್ಕಳ್ಲಾ?"

"ಟ್ರಾನ್ಸ್‌ಫಾರ್ಮರ್ ಸಿಡಿದಿರೋದು ಆ ಹರಿಕಥೆಯ ಒಳಗೇ ಇದೆ ಸಾರ್. ಒಬ್ಬರನ್ನು ನೇಮಿಸಿ."

"ಆಳು ಕಡಿಮೆ ಆಗ್ಲಿ ಅಂತಲ್ವಾ ಮಷಿನ್ ತಂದಿರೋದು? ಅದನ್ನ ಕೇಳಕ್ಕೆ ಮತ್ತೊಬ್ಬ ಆಳು ಅಂದ್ರೆ ಹೆಂಗಮ್ಮಾ!"

ಅಂದು ನಾನು ಬಿಡಲಿಲ್ಲ. ವಾದ ಮಾಡಿದೆ, ಧ್ವನಿ ಏರಿಸಿದೆ, ಹೊರಗೆ ಬಂದ ಮೇಲೆ ನಮ್ಮ ಸಂಸ್ಥೆಯವರಿಂದ ಬೈಸಿಕೊಂಡೆ. ಆದರೆ ಮಾತು ಮುದ್ರಿಸಿಕೊಳ್ಳುವ ಆ ಭಾಗ ಉಳಿಯಿತು. ವ್ಯವಸ್ಥೆ ಅದರೊಂದಿಗೇ ಜನರಿಗೆ ತೆರೆದುಕೊಂಡಿತು.

ಹೊಳಲ್ಕೆರೆ ತಾಲ್ಲೂಕಿನಲ್ಲಿ, ರಾಮಗಿರಿಯಿಂದ ಒಳಗೆ ನಡೆದು ಹೋಗುವಷ್ಟು ದೂರದಲ್ಲಿ ಅತ್ತೆಯ ಊರು. ನನ್ನ ತಂದೆಯ ತಂಗಿ ಅವಳು. ಮಾವ ತೀರಿಕೊಂಡ ಮೇಲೆ ಅರ್ಧ ಎಕರೆಯಲ್ಲಿ ಕನಕಾಂಬರ, ಕಾಕಡ ಬೆಳೆದು, ಬಾಳೆನಾರಿನಲ್ಲಿ ಕಟ್ಟಿ, ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಮೊಳದ ಲೆಕ್ಕದಲ್ಲಿ ಮಾರುತ್ತಿದ್ದಳು. ಕಟ್ಟುವಾಗ ಹೂವಿನ ಕಡೆ ನೋಡುತ್ತಲೇ ಇರಲಿಲ್ಲ. ಬಸ್ಸಿನಿಂದ ಇಳಿಯುವವರನ್ನು ನೋಡುತ್ತ, ಅವರ ಸೀರೆ, ಸಂಸಾರಗಳ ಮೇಲೆ ಟೀಕೆ ಮಾಡುತ್ತ ಇರುವಾಗ ಬೆರಳುಗಳು ತಮ್ಮಷ್ಟಕ್ಕೆ ಗಂಟು ಹಾಕುತ್ತಿದ್ದವು.

ಅವಳ ಊರಿನಲ್ಲಿ ಫೋನಿದ್ದದ್ದು ಒಂದು ಅಂಗಡಿಯಲ್ಲಿ. ಅಂಗಡಿಯವನೇ ಗುಂಡಿ ಒತ್ತಿ ರಿಸೀವರ್ ಕೊಡುತ್ತಿದ್ದ. ಮಾತನಾಡುವವರು ಗುಂಡಿ ಮುಟ್ಟುವ ಪದ್ಧತಿಯಿರಲಿಲ್ಲ. ದೂರು ಕೇಂದ್ರದಲ್ಲಿ ನನ್ನ ಧ್ವನಿಯಿದೆಯೆಂದು ಗೊತ್ತಾದ ದಿನ ಅಂಗಡಿಯ ಮುಂದೆ ಜನ ಸೇರಿದ್ದರಂತೆ. "ನಮ್ಮ ಹುಡ್ಗಿ ಕಣ್ರಲೇ, ಗೌರ್ಮೆಂಟಿನ ಒಳಗೆ ಕುಂತು ಮಾತಾಡ್ತಾಳೆ" ಎಂದು ಅತ್ತೆ ಒಬ್ಬೊಬ್ಬರ ಕಿವಿಗೂ ರಿಸೀವರ್ ಹಿಡಿದಳಂತೆ. ಮುಂದೆ ಯಾವ ದೂರೂ ಇಲ್ಲದೆ ಸುಮ್ಮನೆ ಫೋನು ಮಾಡುವುದೂ ಶುರುವಾಯಿತು.

ನಾನು ಊರಿಗೆ ಹೋದಾಗ ತಕರಾರು ತೆಗೆದಳು: "ಏನೇ, ಹೆಂಗದೀಯ ಅಂತ ಕೇಳಿದ್ರೆ ಬಿಲ್ ನಂಬ್ರ ಹೇಳು ಅಂತೀಯಲ್ಲ! ಅಷ್ಟು ಬಿಗುಮಾನ ಬಂತಾ ನಿಂಗೆ?"

"ಅದು ಮುದ್ರಿಸಿಟ್ಟಿರೋ ಧ್ವನಿ ಅತ್ತೆ. ಟೇಪಿದ್ದಂಗೆ."

"ಅಷ್ಟೂ ತಿಳೀದವಳಾ ನಾನು? ಟೇಪು ಅಂತ ಗೊತ್ತೈತೆ. ನಾನು ಹೇಳಿದ್ದು ಕೊನೀಗೆ ನಿಮಗೆ ಮುಟ್ಟುತ್ತಾ ಇಲ್ವಾ, ಅಷ್ಟು ಹೇಳು."

"ಮುಟ್ಟುತ್ತೆ. ಪೀಂ ಅಂದ ಮೇಲೆ ಹೇಳು, ಕೇಳೋರು ಇದಾರೆ."

ಆ ದಿನ ಅದು ನಿಜವಾಗಿತ್ತು.

ಮಾರನೆಯ ವರ್ಷ ನಮ್ಮ ಗುತ್ತಿಗೆ ಮುಗಿದು ವ್ಯವಸ್ಥೆ ಪೂರ್ತಿಯಾಗಿ ನಿಮ್ಮ ಕೈಗೆ ಬಂತು. ನಾನು ಮುಂದಿನ ಓದಿಗೆ ಹೊರಟೆ. ಆಮೇಲೆ ನೀವು ಮಾತು ಮುದ್ರಿಸಿಕೊಳ್ಳುವ ಭಾಗವನ್ನು ನಿಲ್ಲಿಸಿದಿರಿ. ಊರುಗಳಿಗೆ ತಿಳಿಸಲಿಲ್ಲ, ನನಗೂ ತಿಳಿಸಲಿಲ್ಲ. ನನ್ನ ಧ್ವನಿಯನ್ನು ಮಾತ್ರ ಹಾಗೇ ಉಳಿಸಿಕೊಂಡಿರಿ.

ಮುಂಗಾರಿಗೆ ಮೊದಲಿನ ಗಾಳಿಯಲ್ಲಿ ಅತ್ತೆಯ ತೋಟದ ಹತ್ತಿರ ತಂತಿ ಕಡಿದು ಮುಳ್ಳುತಂತಿಯ ಬೇಲಿಯ ಮೇಲೆ ಬಿತ್ತು. ಅವಳು ದೂರದಿಂದಲೇ ನೋಡಿ, ದನ ಬಿಡಬೇಡಿ ಎಂದು ಅಕ್ಕಪಕ್ಕದವರಿಗೆ ಹೇಳಿ, ನೇರವಾಗಿ ಅಂಗಡಿಗೆ ಹೋದಳು. ಅಲ್ಲಿ ನಡೆದದ್ದನ್ನು ಅಂಗಡಿಯವನು ನನಗೆ ಹೇಳಿದ್ದಾನೆ. ನನ್ನ ಧ್ವನಿ ಗ್ರಾಹಕ ಸಂಖ್ಯೆ ಕೇಳಿತು. ಅತ್ತೆ ತಂತಿ ಬಿದ್ದ ಜಾಗ, ಬೇಲಿ, ಪಕ್ಕದ ಹುಣಸೆಮರ ಎಲ್ಲವನ್ನೂ ಅಚ್ಚುಕಟ್ಟಾಗಿ ವಿವರಿಸಿದಳು. ಧ್ವನಿ ಮತ್ತೆ ಸಂಖ್ಯೆ ಕೇಳಿತು. ಪೀಂ ಎನ್ನಲಿಲ್ಲ.

"ನಂಬ್ರ ಇಲ್ದೆ ಬಿಡಲ್ಲ ಅಂತೈತೆ ಅಕ್ಕಾ" ಎಂದ ಅಂಗಡಿಯವನು.

"ಕೇಳ್ತವಳೆ ಅಂದ್ರೆ ಏನೋ ಕಾರಣ ಇರ್ತೈತೆ. ನಮ್ಮನೇದೇ ಕೊಟ್ಟುಬಿಡು" ಎಂದು ಅತ್ತೆ ಮನೆಯಿಂದ ಬಿಲ್ಲು ತಂದುಕೊಟ್ಟಳು. ಅವನು ಗುಂಡಿ ಒತ್ತಿದ. "ನಿಮ್ಮ ದೂರು ದಾಖಲಾಗಿದೆ. ಧನ್ಯವಾದಗಳು" ಎಂದೆ ನಾನು.

ಅಂಗಡಿಯವನಿಗೆ ಸಮಾಧಾನವಾಗಲಿಲ್ಲ. "ರಾಮಗಿರಿಗೆ ಹೋಗಿ ಲೈನ್‌ಮನ್‌ಗೂ ಒಂದ್ಮಾತು ಹೇಳಿ ಬರ್ಲಾ?"

"ಯಾಕೆ? ಮನೆ ಮಗಳ ಕಿವೀಗೆ ಹಾಕೀನಿ. ನೀನು ಇನ್ಯಾರಿಗೋ ಹೇಳಿದ್ರೆ ಅವಳ ಮರ್ಯಾದೆ ಏನಾಯ್ತದೆ? ಸುಮ್ಕಿರು."

ಯಂತ್ರವನ್ನು ನಂಬಿ ಸುಮ್ಮನಾದವಳಲ್ಲ ಅವಳು. ನಿಮ್ಮ ಕಚೇರಿಯನ್ನು ನಂಬಿದವಳಂತೂ ಅಲ್ಲ. ಬೇರೆ ಧ್ವನಿಯಿದ್ದಿದ್ದರೆ ಅಂಗಡಿಯವನನ್ನು ಆ ಕ್ಷಣವೇ ಸೈಕಲ್ ಹತ್ತಿಸಿ ಕಳಿಸುತ್ತಿದ್ದಳು.

ಮರುದಿನ ಬೆಳಗ್ಗೆ ಲೈನ್‌ಮನ್ ಬಂದ. ಅವನ ಕೈಗೆ ಸಿಕ್ಕಿದ್ದು ಒಂದು ಮನೆಯ ಬಿಲ್ಲಿನ ಸಂಖ್ಯೆ, ಅಷ್ಟೇ. ಅತ್ತೆ ಹೊಳಲ್ಕೆರೆಗೆ ಹೋಗಿದ್ದಳು. ಪಕ್ಕದ ಮನೆಯಾಕೆ ಬಾಗಿಲು ತೆಗೆದು ತೋರಿಸಿದಳು. ದೀಪ ಉರಿಯಿತು. ಮೀಟರ್ ನೋಡಿದ, ಸರಿಯಿತ್ತು. ದೂರು ಪರಿಹಾರವಾಗಿದೆಯೆಂದು ಬರೆದು ಹೊರಟುಹೋದ. ಹೂವು ಮಾರಿ ಬಂದ ಅತ್ತೆಗೆ ಪಕ್ಕದಾಕೆ, "ಲೈನ್‌ಮನ್ ಬಂದಿದ್ದ, ಎಲ್ಲಾ ನೋಡಿ ಸರಿ ಐತೆ ಅಂದ" ಎಂದಳು. ಅದು ಬೇಲಿಯ ಮೇಲಿನ ತಂತಿಯ ಮಾತೆಂದೇ ಅತ್ತೆ ತಿಳಿದಳು. ತಿಳಿಯದೆ ಇನ್ನೇನು? ಅವಳು ಹೇಳಿದ್ದು ಆ ತಂತಿಯ ಬಗ್ಗೆ. ಮೊಗ್ಗು ಬಿಡಿಸಲು ಹೋಗಿ, ತಂತಿಯ ಕರೆಂಟು ತೆಗೆದಿದ್ದಾರೆಂದುಕೊಂಡು, ಒಳಗೆ ದಾಟಲು ಬಲಗೈಯಿಂದ ಬೇಲಿ ಹಿಡಿದಳು.

ಚಿತ್ರದುರ್ಗದ ಆಸ್ಪತ್ರೆಗೆ ನಾನು ತಲುಪಿದಾಗ ಅವಳ ಕೈ ಬಟ್ಟೆಯ ಉಂಡೆಯಾಗಿತ್ತು. ಅವಳು ಅಳುತ್ತಿರಲಿಲ್ಲ. ಕೇಳಿದಳು: "ನಾನು ಹೇಳಿದ್ದು ನಿನಗೆ ಮುಟ್ಲಿಲ್ವೇನೇ?"

"ಇಲ್ಲ ಅತ್ತೆ."

"ಮತ್ತೆ ದಾಖಲಾಗೈತೆ ಅಂದ್ಯಲ್ಲ."

ನಾನು ಹೊರಗೆ ಬಂದೆ. ಕಾಫಿ ಮಾರುವವನು ಬಂದ, ಕೊಂಡೆ, ಕುಡಿದೆ. ತೀರ ಸಿಹಿಯಾಗಿತ್ತು. ರಸ್ತೆಯಾಚೆಯ ಬೂತಿನಿಂದ ಆ ಸಂಖ್ಯೆಗೆ ಫೋನು ಮಾಡಿದೆ. ನನ್ನ ಧ್ವನಿ ನನಗೆ ನಮಸ್ಕಾರ ಹೇಳಿತು. ತಂತಿ ಬಿದ್ದಿದೆ ಎಂದೆ. ಸಂಖ್ಯೆ ಒತ್ತಿ ಎಂದಿತು. ಸದ್ದಿಗಾಗಿ ಕಾದೆ. ಮೂರನೆಯ ಸಲ ಕೇಳಿ, ಧನ್ಯವಾದ ಹೇಳಿ, ಕರೆ ಕಡಿದುಕೊಂಡಿತು. ಎಷ್ಟು ಸ್ಪಷ್ಟವಾಗಿ ಓದಿದ್ದೇನೆ ಎಂಬ ಒಂದು ಯೋಚನೆ ಬಂತು. ಬೇರೆ ಯಾವುದೂ ಬರಲಿಲ್ಲ.

ನಿಮ್ಮ ಕಚೇರಿಗೆ ಬಂದಾಗ ಕುರ್ಚಿಯಲ್ಲಿ ಅದೇ ಸಾಹೇಬರಿದ್ದರು. "ತಂತಿ ಬಿದ್ದಿದೆ ಅಂತ ದೂರೇ ಬಂದಿಲ್ಲಮ್ಮ. ಮನೆ ಸಪ್ಲೈ ದೂರು ಬಂದಿತ್ತು, ಪರಿಹಾರ ಆಗಿದೆ" ಎಂದರು. ಮುದ್ರಿಸಿಕೊಳ್ಳುವ ಭಾಗ ಏನಾಯಿತೆಂದು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. "ಮೇಲಿಂದ ಹೇಳಿದ್ರು, ನಿಲ್ಲಿಸಿದ್ವಿ. ಕೇಳೋರು ಯಾರಿದ್ರು? ನೀವೇ ಬರೆದಿದ್ದಲ್ವಾ, ನೋಡ್ಕಳ್ರಿ" ಎಂದು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

ನೋಡಿದೆ. ನಾನು ಬರೆದ ಸಾಲುಗಳು ಇದ್ದಲ್ಲೇ ಇದ್ದವು. ಆ ಮಾರ್ಕಪ್ ಭಾಷೆಯಲ್ಲಿ ಸಾಲುಗಳ ಹಿಂದೆ ಮುಂದೆ ಒಂದೊಂದು ಗುರುತು ಹಾಕಿಬಿಟ್ಟರೆ ಯಂತ್ರ ಅವನ್ನು ಓದದೆ ದಾಟಿ ಹೋಗುತ್ತದೆ. ಬರೆದವರು ತಮಗಾಗಿ ಟಿಪ್ಪಣಿ ಇಟ್ಟುಕೊಳ್ಳಲು ಇರುವ ಸೌಲಭ್ಯ ಅದು. ನೀವು ಆ ಎರಡು ಗುರುತುಗಳ ನಡುವೆ ನಾಲ್ಕು ತಾಲ್ಲೂಕಿನ ಜನರ ಮಾತನ್ನು ಇಟ್ಟಿದ್ದಿರಿ.

ಈಗ ಅತ್ತೆ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಕಣ್ಣನ್ನು ಬೆರಳುಗಳ ಮೇಲೆಯೇ ಇಟ್ಟು ಕಟ್ಟುತ್ತಾಳೆ. ನಾರು ಬಿಗಿಯಾಯಿತೋ ಇಲ್ಲವೋ ನೋಡಿಯೇ ತಿಳಿಯಬೇಕು. ಅವಳ ಮಾಲೆಯಿಂದ ಹೂವು ಉದುರುತ್ತದೆಂದು ಕೊಳ್ಳುವವರು ಪಕ್ಕದ ಬುಟ್ಟಿಗೆ ಹೋಗುತ್ತಾರೆ. ಬಸ್ಸಿನಿಂದ ಇಳಿದವರ ಬಗ್ಗೆ ಅವಳು ಏನನ್ನೂ ಹೇಳುವುದಿಲ್ಲ. ನಾನು ಪಕ್ಕದಲ್ಲಿ ಕುಳಿತು ಹೂವು ಜೋಡಿಸಿಕೊಡುತ್ತೇನೆ.

ಆದ್ದರಿಂದ ಮಾನ್ಯರೇ, ಈ ಮೂಲಕ ಕೋರುವುದೇನೆಂದರೆ: ಮುದ್ರಿಸಿಕೊಳ್ಳುವ ಭಾಗವನ್ನು ನಿಲ್ಲಿಸುವಂತೆ "ಮೇಲಿಂದ" ಆದೇಶಿಸಿದವರು ಯಾರು, ಯಾವ ಕಾರಣಕ್ಕೆ, ಜನರಿಗೆ ಏಕೆ ತಿಳಿಸಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಪರಿಹಾರವಾಗಿದೆಯೆಂದು ಮುಗಿಸಿರುವ ದೂರನ್ನು ಮತ್ತೆ ತೆರೆದು, ಅದು ಕಡಿದು ಬಿದ್ದ ತಂತಿಯ ದೂರಾಗಿತ್ತೆಂದು ತಿದ್ದಬೇಕು. ಅತ್ತೆಯ ಗಾಯಕ್ಕೆ ಇಲಾಖೆಯೇ ಹೊಣೆಯೆಂದು ಒಪ್ಪಿಕೊಳ್ಳಬೇಕು. ನೀವು ಹಾಕಿಸಿದ ಆ ಎರಡು ಗುರುತುಗಳನ್ನು ತೆಗೆಯುವುದು ಒಂದು ನಿಮಿಷದ ಕೆಲಸ, ಅದಕ್ಕೆ ನಾನೇ ಬರಬಲ್ಲೆ. ಆದರೆ ಮುದ್ರಿತ ಮಾತನ್ನು ಕುಳಿತು ಕೇಳುವ ಒಬ್ಬ ಮನುಷ್ಯನನ್ನು ನೀವು ನೇಮಿಸಬೇಕು. ಅಲ್ಲಿಯವರೆಗೆ ನನ್ನ ಧ್ವನಿಯನ್ನು ಬಳಸುವುದನ್ನು ನಿಲ್ಲಿಸಬೇಕು. ಕೊನೆಯದಾಗಿ, ನಿಮ್ಮ ಉತ್ತರವನ್ನು ಅಂಚೆಯಲ್ಲಿ ಕಳಿಸಿ ಸುಮ್ಮನಾಗಬಾರದೆಂದು ವಿನಂತಿ. ಅತ್ತೆಗೆ ಓದಲು ಬಾರದು. ನಿಮ್ಮಲ್ಲಿ ಜವಾಬ್ದಾರಿಯುಳ್ಳ ಒಬ್ಬರು ಅವಳ ಮನೆಗೆ ಬಂದು, ಎದುರು ಕುಳಿತು, ಅವಳು ಕೇಳುವ ಪ್ರಶ್ನೆಗಳಿಗೆ ಬಾಯಿ ಬಿಟ್ಟು ಉತ್ತರ ಹೇಳಬೇಕು. ಯಾವ ದಿನ ಬರುವಿರೆಂದು ದಯವಿಟ್ಟು ತಿಳಿಸಿ.