ಕಣ್ಣಣ್ಣನ ಕಂದು ಬಣ್ಣ

ಬೆಳಕು ಇನ್ನೂ ಅರೆನಿದ್ದೆಯಲ್ಲಿದೆ. ಕಿಟಕಿಯ ಪಕ್ಕದ ಮೇಜಿನ ಮೇಲೆ, ಬಟ್ಟೆ ಹಾಸಿದ ತಟ್ಟೆಯೊಳಗೆ, ಏಳೆಂಟು ಕಣ್ಣುಗಳು ಆಗಲೇ ಎದ್ದು ಕೂತಿವೆ. ಒಂದು ಸೂರು ನೋಡುತ್ತಿದೆ, ಇನ್ನೊಂದು ಗೋಡೆ. ಬಾಗಿಲಲ್ಲಿ ನಿಂತವರನ್ನೇ ದುರುಗುಟ್ಟುವುದೂ ಒಂದಿದೆ. ಮೊದಲ ಸಲ ಬಂದವರ ಎದೆ ಧಸಕ್ಕೆನ್ನದೆ ಇರದು. "ಹೆದರ್ಕೋಬೇಡಿ, ಇವುಗಳಿಂದ ಯಾರಿಗೂ ದೃಷ್ಟಿ ಆಗಲ್ಲ" ಎಂದು ನಗುವ ಮನುಷ್ಯನಿಗೆ ಬೀದಿಯವರೆಲ್ಲ ಇಟ್ಟಿರುವ ಹೆಸರು ಕಣ್ಣಣ್ಣ.

ಒಂದು ಕಣ್ಣು ಕಳೆದುಕೊಂಡವರಿಗೆ ಕೃತಕ ಕಣ್ಣು ಮಾಡಿಕೊಡುವುದು ಅವನ ಕಸುಬು. ಅದು ನೋಡುವ ಕಣ್ಣಲ್ಲ, ನೋಡಿಸಿಕೊಳ್ಳುವ ಕಣ್ಣು. ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು, ಉಳಿದ ಕಣ್ಣನ್ನು ನೋಡಿ ನೋಡಿ ಬಣ್ಣ ಕೂಡಿಸುತ್ತಾನೆ. ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ಕಣ್ಣಿನ ಬಿಳಿಯ ಮೇಲೆ ನರ ಕೂರಿಸುತ್ತಾನೆ. "ಅಪ್ಪಟ ಬಿಳಿ ಹಾಕಿದ್ರೆ ಗೊಂಬೆ ಆಗ್ಬಿಡುತ್ತೆ. ಚೂರು ಹಳದಿ ಬೇಕು, ಚೂರು ಸುಸ್ತೂ ಬೇಕು" ಎನ್ನುತ್ತಾನೆ. ಬಲ್ಬಿನ ಬೆಳಕನ್ನು ಅವನು ನಂಬುವುದಿಲ್ಲ. ಅದಕ್ಕೇ ಈ ಬೆಳಗಿನ ಜಾವದ ಗೀಳು.

ಕಳೆದ ವರ್ಷ ಹೆಂಡತಿ ತೀರಿಕೊಂಡಳು. ಕಣ್ಣಣ್ಣ ತಲೆ ಎತ್ತದೆ ಕೆಲಸ ಮಾಡಿದ. ದುಃಖ ನುಂಗಿಕೊಂಡಿದ್ದಾನೆ, ಗಟ್ಟಿಗ ಎಂದರು ಜನ. ಅವನೂ ಹಾಗೇ ಅಂದುಕೊಂಡ. ಒಂದು ದಿನ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ವಾಪಸು ಬಂದು, ಅವನು ಮಾಡಿಕೊಟ್ಟ ಕಣ್ಣನ್ನು ಮೇಜಿನ ಮೇಲಿಟ್ಟಳು. "ಚೆನ್ನಾಗೇ ಇದೆ ಅಣ್ಣಾ. ಆದ್ರೆ ಇದು ನಂದಲ್ಲ. ಕನ್ನಡಿಯೊಳಗೆ ಬೇರೆ ಯಾರೋ ಬಂದು ಕೂತ ಹಾಗಿದೆ."

ಕಣ್ಣಣ್ಣನಿಗೆ ಮೈ ಉರಿಯಿತು. ತನ್ನ ಬಣ್ಣ ತಪ್ಪುವುದುಂಟೇ! ಮನೆಯಲ್ಲಿ ಜೊತೆಗಿರುವ ಅಕ್ಕ ಆ ಕಣ್ಣನ್ನು ಕಿಟಕಿಗೆ ಹಿಡಿದು ನೋಡಿದಳು. ಹಿಂದೆ ಮುಂದೆ ತಿರುಗಿಸಿದಳು. "ಲೋ, ಇದು ನಮ್ಮ ಹುಡುಗಿ ಕಣ್ಣು ಕಣೋ."

ಹೌದು. ಹೆಂಡತಿಯದೇ ಜೇನು ಬೆರೆತ ಕಂದು, ಅಂಚಿನಲ್ಲಿ ಅವಳದೇ ಪುಟ್ಟ ಕಪ್ಪು ಚುಕ್ಕಿ. ತಟ್ಟೆಯಲ್ಲಿದ್ದ ಉಳಿದ ಕಂದು ಕಣ್ಣುಗಳನ್ನು ಎತ್ತಿ ನೋಡಿದರೆ, ಅಯ್ಯೋ, ಎಲ್ಲದರಲ್ಲೂ ಅವಳೇ! "ಎದುರಿಗೆ ಕೂತವರನ್ನ ನೋಡ್ತಿದೀನಿ ಅಂದ್ಕೊಂಡಿದ್ದೆ. ನೋಡ್ತಾನೇ ಇರ್ಲಿಲ್ಲ" ಎನ್ನುತ್ತಾನೆ ಈಗ.

ಅಂದು ಕುಂಚ ಬಿಸಾಡಿ ಮೂಲೆ ಹಿಡಿದವನನ್ನು ಅಕ್ಕ ಸುಮ್ಮನೆ ಬಿಡಲಿಲ್ಲ. "ಅಳ್ಬೇಕಾ, ನನ್ನ ಮುಂದೆ ಕೂತು ಅಳು. ಪಾಪ, ಗಿರಾಕಿಗಳ ಮುಖದ ಮೇಲೆ ಯಾಕೋ ಅಳ್ತೀಯ?" ಅವನು ಅತ್ತ. ಆಮೇಲೆ ಎಲ್ಲವನ್ನೂ ಮೊದಲಿನಿಂದ ಮಾಡಿದ. ಈಗ ಬಣ್ಣ ಒಣಗುವ ಮುಂಚೆ ಗಿರಾಕಿಯನ್ನೇ ಕೇಳುತ್ತಾನೆ, ಸರಿಯಿದೆಯೇ ಎಂದು. ಕಡೆಯ ಮಾತು ಮಾತ್ರ ಜನ್ಮದಲ್ಲಿ ಕುಂಚ ಮುಟ್ಟದ ಅಕ್ಕನದು.

ಇವತ್ತು ಹೊಲಿಗೆಯವಳು ಬರುವ ದಿನ. ಈ ಸಲವೂ ಹೊಂದದಿದ್ದರೆ ಇನ್ನು ಜನ್ಮಪೂರ್ತಿ ಕಣ್ಣಿಗೆ ಪಟ್ಟಿಯೇ ಗತಿ ಎಂದು ಅವಳು ಹೇಳಿಬಿಟ್ಟಿದ್ದಾಳೆ. ತನ್ನ ಹೊಲಿಗೆ ಅಂಗಡಿಯಲ್ಲಿ ಬಟ್ಟೆಯ ಅಳತೆ ತೆಗೆಯುವಾಗಲೂ ಮುಖ ಎತ್ತದವಳು. ಬಿಸಿಲೇರುವ ಹೊತ್ತಿಗೆ ಬರುತ್ತಾಳೆ. ಕಣ್ಣಣ್ಣ ಅವಳ ರೆಪ್ಪೆ ಎತ್ತಿ, ಹಗುರಾಗಿ ಕಣ್ಣನ್ನು ಒಳಗೆ ಸರಿಸುತ್ತಾನೆ. ಅವಳು ಕನ್ನಡಿಯನ್ನು ಮಡಿಲಲ್ಲೇ ಬೋರಲು ಹಾಕಿಕೊಂಡು ಕೂತಿದ್ದಾಳೆ, ಎತ್ತಲು ಧೈರ್ಯವಿಲ್ಲ.

ಒಳಗಿನಿಂದ ಟೀ ತಂದ ಅಕ್ಕ ಅವಳ ಎದುರು ಬಗ್ಗಿ ನೋಡುತ್ತಾಳೆ. ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು. "ಯಾವುದಮ್ಮಾ ಹೊಸದು?"

ಹೊಲಿಗೆಯವಳು ಗಬಕ್ಕನೆ ಕನ್ನಡಿ ಎತ್ತುತ್ತಾಳೆ. ನಗು ಮೊದಲು ಬರುತ್ತದೆ, ಹಿಂದೆಯೇ ಎರಡೂ ಕಣ್ಣಲ್ಲಿ ನೀರು. "ನಾನೇ ಅಕ್ಕಾ. ಇದು ನಾನೇ." ಟೀ ಕುಡಿಯುವುದನ್ನೂ ಮರೆತು, ಮುಖ ಎತ್ತಿಕೊಂಡು ಬೀದಿಗಿಳಿಯುತ್ತಾಳೆ.

ಸಮಾಧಾನವಾಯಿತೇ ಎಂದರೆ ಕಣ್ಣಣ್ಣ ಕುಂಚ ಒರೆಸುತ್ತಾ ಹೇಳುತ್ತಾನೆ. "ಮೊನ್ನೆ ಈಯಮ್ಮನ ಕಣ್ಣಿಗೆ ಬಣ್ಣ ಹಾಕ್ತಾ, ನನ್ನವಳ ಕಣ್ಣು ಹೇಗಿತ್ತು ಅಂತ ನೆನಪು ಮಾಡ್ಕೊಂಡೆ. ಸರಿಯಾಗಿ ಬರ್ಲೇ ಇಲ್ಲ. ಸಂಕಟ ಆಯ್ತು. ಆದ್ರೂ ಈಯಮ್ಮನ್ನೇ ನೋಡ್ತಾ ಬಣ್ಣ ಮುಗಿಸ್ದೆ ನೋಡಿ."