ತೊಡೆಯೊಳಗಿನ ಮೊಳೆ

ಡಾಕ್ಟರ ಹಣೆಯ ಮೇಲಿನ ಅಂಗಾರದ ಕಪ್ಪು ಗೀಟು ಬೆಳಿಗ್ಗೆ ನೆಟ್ಟಗಿರುತ್ತಿತ್ತು. ಆಪರೇಷನ್ ಟೋಪಿಯ ಕೆಳಗೆ ಬೆವರಿ ಬೆವರಿ ಮಧ್ಯಾಹ್ನದ ಹೊತ್ತಿಗೆ ಮೂಗಿನ ತುದಿಗೆ ಇಳಿದುಬಿಡುತ್ತಿತ್ತು. ಆದೋನಿಯ ಆ ದವಾಖಾನೆಯಲ್ಲಿ ಮಲಗಿದ್ದ ನಾವು ಅದನ್ನು ನೋಡಿಯೇ "ಇವತ್ತು ಎಲುಬಿನ ಕೆಲಸ ಇತ್ತು" ಎಂದುಕೊಳ್ಳುತ್ತಿದ್ದೆವು.

ಆಂಧ್ರ ರಾಜ್ಯ ಆಗ ಹೊಸದು. ನಾನು ಪೆದ್ದಹರಿವಾಣದ ಬಡಿಗ. ಶಾಲೆಯನ್ನು ಮೂರನೇ ಕ್ಲಾಸಿಗೇ ಬಿಟ್ಟವನು. ಆದರೆ ನಾನು ಮಾಡಿದ ಬಂಡಿ ಹತ್ತಿಯ ಹೇರು ಹೊತ್ತು ಮಾರುಕಟ್ಟೆಗೆ ಬಂದರೆ, ಗಾಲಿಯ ಸದ್ದಿಗೇ ಅದು ಯಾರ ಕೈಕೆಲಸವೆಂದು ಜನ ಹೇಳುತ್ತಿದ್ದರು. ಅಂಥದೇ ಒಂದು ಬಂಡಿಯ ಅಚ್ಚು ನೋಡಲು ಕೆಳಗೆ ಕೂತಿದ್ದಾಗ ಆಸರೆಗಿಟ್ಟ ಕೋಲು ಜಾರಿ, ಬಂಡಿ ನನ್ನ ತೊಡೆಯ ಮೇಲೆ ಬಿದ್ದು ಎಲುಬು ಮುರಿಯಿತು. ಕಟ್ಟಿಗೆ ಕೆತ್ತಲು ಬಾಚಿ ಬೀಸುವವನಿಗೆ ಎರಡೂ ಕಾಲು ಗಟ್ಟಿ ಇರಬೇಕು. ಕಾಲು ಹೋದರೆ ಕಸುಬೂ ಹೋದಂತೆ. ಬಿದಿರಿನ ದಬ್ಬೆ ಕಟ್ಟುವವನ ಹತ್ತಿರ ಒಯ್ಯೋಣವೆಂದರು ನೆಂಟರು. ಹೆಂಡತಿ ಮಾತ್ರ ದವಾಖಾನೆಯೇ ಆಗಬೇಕೆಂದು ಹಟ ಹಿಡಿದಳು.

ಡಾಕ್ಟರು ಒಂದು ಕೈಯಲ್ಲಿ ತೂತಿನ ಉಕ್ಕಿನ ಪಟ್ಟಿ, ಇನ್ನೊಂದರಲ್ಲಿ ಮೊಳಕ್ಕೆ ಸ್ವಲ್ಪ ಕಮ್ಮಿ ಉದ್ದದ ಮೊಳೆ ಹಿಡಿದುಕೊಂಡು ಮಂಚದ ಹತ್ತಿರ ಬಂದರು. ರೋಗಿಗೆ ತೋರಿಸದೆ ಅವನ ಮೈಯೊಳಗೆ ಏನನ್ನೂ ಹಾಕುವ ಪದ್ಧತಿ ಅವರದಲ್ಲ.

"ಏನಪಾ ಬಡಿಗೇರ, ಬಂಡಿ ಮುಂದಿನ ಮೂಕಿಮರ ಮುರಿದ್ರ ಏನ್ ಮಾಡ್ತಿ?"

"ಎರಡೂ ಕಡೆ ಪಟ್ಟಿ ಇಟ್ಟು ಬೋಲ್ಟು ಬಿಗೀತೀನ್ರಿ."

"ಕಟ್ಟಿಗಿ ಸತ್ತದ್ದು, ಅದಕ್ಕ ನಡೀತದ. ನಿನ್ನ ಎಲುಬು ಇನ್ನಾ ಬದುಕ್ಯದ. ಪಟ್ಟಿ ಕೂಡಸಬೇಕಂದ್ರ ಉದ್ದಕ ಮಾಂಸ ಬಿಡಿಸಿ, ಎಲುಬಿನ ಮ್ಯಾಲಿನ ಪೊರಿ ಸರಿಸಬೇಕು. ಅದನ್ನ ಸಾಕೋದ ಆ ಪೊರಿ. ಮೊಳಿ ಆದ್ರ ನಡುವಿನ ಟೊಳ್ಳಿನ್ಯಾಗ ಇಳೀತದ, ಲಗೂನ ನಡೀಬಹುದು. ಆದ್ರ ಕಾಲು ತಿರುಗದಂಗ ಬಿಗಿ ಹಿಡಿಯಂಗಿಲ್ಲ."

ಪಕ್ಕದ ಮಂಚದಲ್ಲಿ ಗೋನೆಗಂಡ್ಲದ ರೈತನೊಬ್ಬನಿದ್ದ. ಅವನಿಗೆ ಪಟ್ಟಿ ಹಾಕಿದ್ದರು. "ಹಂಗಾರ ಯಾವುದು ಚಲೋರಿ, ಅವನದೋ ನಂದೋ?" ಎಂದೆ.

"ಅವಂದು ಮೊಣಕಾಲ ಹತ್ರ ಚೂರಾಗಿತ್ತು, ಪಟ್ಟೀನ ಬೇಕು. ನಿಂದು ನಟ್ಟನಡು ಅಡ್ಡ ಮುರದದ. ಮುರಿತ ನೋಡಿ ಕೇಳಬೇಕಪಾ, ಮಂಚ ನೋಡಿ ಅಲ್ಲ."

ಹಿಂದೆಲ್ಲ ಇಂಥ ಕಾಲಿಗೆ ಭಾರ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದರಂತೆ. ಎಲುಬು ಕೂಡುವಷ್ಟರಲ್ಲಿ ಮೊಣಕಾಲು ಮರಗಟ್ಟುತ್ತಿತ್ತೆಂದು ಅವರೇ ಹೇಳಿದರು.

ಮೊಳೆ ಹಾಕಿದರು. ಗಾಯ ಮಾಯಿತು. ಇನ್ನು ಕಾಲೂರಿ ನಡಿ ಎಂದಾಗ ನಾನು ಒಪ್ಪಲಿಲ್ಲ. ಹೊಸ ಕೀಲು ಕೂಡಿಸಿದ ಬಂಡಿಯನ್ನು ನಮ್ಮ ಮನೆತನದಲ್ಲಿ ನೆರಳಲ್ಲಿ ಒಣಗಿಸಿಡುತ್ತಾರೆ, ಕೂಡಲೇ ಭಾರ ಹೇರುವುದಿಲ್ಲ. ನನ್ನ ಎಲುಬಿಗೂ ಅದೇ ನ್ಯಾಯ ಎಂದು ನಂಬಿದ್ದೆ. ಡಾಕ್ಟರು ದಿನವೂ ಹೇಳಿದರು, ನಾನು ದಿನವೂ ತಲೆ ಅಲ್ಲಾಡಿಸಿದೆ. ಕೊನೆಗೆ ದವಾಖಾನೆಯ ಕಂಕುಳುಗೋಲಿನ ಮೇಲೆ ತಪ್ಪು ಹೊರಿಸಿದೆ. "ಇದರ ಕೀಲು ಲಟಲಟ ಅಂತೈತ್ರಿ. ಇದನ್ನ ನಂಬಿ ನಾ ಹೆಂಗ ಏಳ್ಲಿ?"

ಹೆಂಡತಿ ನಕ್ಕಳು. "ಕಾಲು ಮುರೀತ್ರಿ ಸಾಹೇಬ್ರ, ಮಂದಿ ಕೆಲಸದಾಗ ಹುಳುಕು ತೆಗೆಯೋ ಚಾಳಿ ಮುರೀಲಿಲ್ಲ."

ಮರುದಿನ ಡಾಕ್ಟರು ಬೇವಿನ ಕಟ್ಟಿಗೆ, ಬಾಚಿ, ಉಳಿ ತರಿಸಿ ಮಂಚದ ಮೇಲಿಟ್ಟರು. "ಹಂಗಾರ ನೀನ ಮಾಡ್ಕೋ."

ವಾರ್ಡಿನ ತುಂಬ ಹೊಟ್ಟು ಹಾರಿತು. ನರ್ಸಮ್ಮ ಬೈದಳು. ಕೋಲುಗಳು ಮುಗಿದ ದಿನ ಡಾಕ್ಟರು ಅವುಗಳನ್ನು ತಮ್ಮ ಕಂಕುಳಿಗೇ ಸಿಕ್ಕಿಸಿಕೊಂಡರು. ಎರಡೂ ಕಾಲು ನೆಲದಿಂದ ಮೇಲೆತ್ತಿ, ಸಾಲು ಮಂಚಗಳ ನಡುವೆ ತೂಗಾಡಿಕೊಂಡು ಆ ಗೋಡೆಯ ತನಕ ಹೋಗಿ ಬಂದರು. ಗೋನೆಗಂಡ್ಲದವನು ನಕ್ಕು ನಕ್ಕು ಕೆಮ್ಮಿದ. ಡಾಕ್ಟರು ನಗಲಿಲ್ಲ.

"ನೀ ಮಾಡಿದ್ದನ್ನ ನಂಬಿ ನಾ ಎರಡು ಕಾಲು ಎತ್ತಿದೆ. ನಾ ಮಾಡಿದ್ದನ್ನ ನಂಬಿ ನೀ ಒಂದು ಕಾಲು ಊರು."

ಕಾಲೂರಿದೆ. ನೋವಾಯಿತು, ಆದರೆ ಮುರಿಯಲಿಲ್ಲ. ಕೆಲಸಗಾರನ ಮಾತಿಗೆ ಕೆಲಸಗಾರ ಇಲ್ಲವೆನ್ನಲಾರ.

ಮುಂದೊಂದು ಬೇಸಿಗೆ ಡಾಕ್ಟರೇ ಪೆದ್ದಹರಿವಾಣಕ್ಕೆ ಬಂದರು. ಕೆಂಪಗೆ ಕಾದ ಕಬ್ಬಿಣದ ಹಳಿಯನ್ನು ಗಾಲಿಗೆ ತೊಡಿಸಿ, ಸುತ್ತಲೂ ನೀರು ಹೊಯ್ಯುತ್ತಾ ಓಡಾಡುತ್ತಿದ್ದೆ. ಅವರ ಕಣ್ಣು ನನ್ನ ಪಾದದ ಮೇಲೇ ಇತ್ತು. "ಸ್ವಲ್ಪ ಹೊರಗ ತಿರುಗ್ಯದ. ನಾ ಇನ್ನಾ ಬಿಗಿ ಕೂಡಸಬೇಕಾಗಿತ್ತು," ಎಂದರು.

"ಗಾಲೀನೂ ಚೂರು ಹೊರಗ ವಾಲಿದ್ರನ ಬಂಡಿ ನೆಟ್ಟಗ ಹೋಗೋದ್ರಿ," ಎಂದೆ. ಅಂದು ಅವರು ಮನಸಾರೆ ನಕ್ಕರು. ಮೊಳೆ ತೆಗೆಯೋಣ ಬಾ ಎಂದು ಎಷ್ಟೋ ಸಲ ಕರೆದರು. ನಾನು ಹೋಗಲಿಲ್ಲ. ಅದು ಇನ್ನೂ ನನ್ನೊಳಗೇ ಇದೆ.

ಅವರು ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಮಗ ಎತ್ತು ಹೂಡಿ ಬಂಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದ. ನಾನು ಹತ್ತಲಿಲ್ಲ. ಆದೋನಿಯವರೆಗೂ ನಡೆದುಕೊಂಡೇ ಹೋದೆ.